ಇಪ್ಪತ್ತು ಸಾಮಾನಿನ ಚೀಲ: ಪೋಕೆಮಾನ್ ಆಟಗಳ ಸಣ್ಣ ಕಿರಿಕಿರಿಗಳ ಚರಿತ್ರೆ

1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಪೋಕೆಮಾನ್ ರೆಡ್’ ಮತ್ತು ‘ಪೋಕೆಮಾನ್ ಗ್ರೀನ್’ ಎಂಬ ಅವಳಿ ವಿಡಿಯೊ ಆಟಗಳಲ್ಲಿ ಆಟಗಾರ ಹೊತ್ತು ತಿರುಗುವ ಚೀಲಕ್ಕೆ 20 ಬಗೆಯ ಸಾಮಾನುಗಳಷ್ಟೇ ಹಿಡಿಸುತ್ತಿದ್ದವು. ಒಂದೇ ಬಗೆಯ ಮದ್ದಿನ ಶೀಶೆಗಳು 99 ಇದ್ದರೂ ಅವು ಒಂದೇ ಜಾಗವನ್ನು ತೆಗೆದುಕೊಳ್ಳುತ್ತಿದ್ದವು. ಆದರೆ ಬಗೆಗಳ ಎಣಿಕೆ 20ನ್ನು ಮುಟ್ಟಿದ ಮೇಲೆ ದಾರಿಯಲ್ಲಿ ಬಿದ್ದಿದ್ದ ಹೊಸ ವಸ್ತುವನ್ನು ಎತ್ತಿಕೊಳ್ಳಲಾಗದೆ, ಇದ್ದುದರಲ್ಲಿ ಒಂದನ್ನು ಎಸೆಯಬೇಕಾಗುತ್ತಿತ್ತು, ಇಲ್ಲವೇ ಊರಿಗೆ ಹಿಂದಿರುಗಿ ಅಲ್ಲಿನ ಕಂಪ್ಯೂಟರಿನಲ್ಲಿ ಒಂದಷ್ಟನ್ನು ಇಟ್ಟು ಬರಬೇಕಾಗುತ್ತಿತ್ತು. ಸೈಕಲ್ಲು, ಮೂರು ಬಗೆಯ ಮೀನಿನ ಗಾಳ, ಹಡಗಿನ ಟಿಕೆಟ್ಟು ಮೊದಲಾದ, ಮಾರಲೂ ಬಾರದ ಎಸೆಯಲೂ ಬಾರದ ವಸ್ತುಗಳು ಕೂಡ ಇದೇ 20ರೊಳಗೆ ಸೇರುತ್ತಿದ್ದುದರಿಂದ, ಆಟ ಮುಂದುವರಿದಷ್ಟೂ ಚೀಲ ಕಿರಿದಾಗುತ್ತಾ ಹೋಗುತ್ತಿತ್ತು. ಕಂಪ್ಯೂಟರಿನ ಉಗ್ರಾಣಕ್ಕೂ 50 ಬಗೆಗಳ ಮಿತಿಯಿತ್ತು.

ಇಂಥವನ್ನು ಕಿರಿಕಿರಿ ಎಂದು ಕರೆಯುವುದೇ ಸರಿ. ಆಟದ ಸವಾಲು ಬೇರೆ, ದೋಷ ಬೇರೆ, ಕಿರಿಕಿರಿ ಬೇರೆ. ಬಲಿಷ್ಠ ಎದುರಾಳಿಯ ಮುಂದೆ ಸೋತು, ತಂಡವನ್ನು ಮತ್ತೆ ಪಳಗಿಸಿ ಬರುವುದು ಸವಾಲು. ಅದು ಇಲ್ಲದಿದ್ದರೆ ಆಟವೇ ಇಲ್ಲ. ದೋಷವೆಂದರೆ ಬರೆದವರು ಎಣಿಸಿದ್ದೊಂದು, ಆದದ್ದು ಇನ್ನೊಂದು: ಮೊದಲ ಆಟಗಳಲ್ಲಿ ಮರ್ಮಕ್ಕೆ ಏಟು ಬೀಳುವ ಸಾಧ್ಯತೆಯನ್ನು ಹೆಚ್ಚಿಸಬೇಕಾಗಿದ್ದ ‘ಫೋಕಸ್ ಎನರ್ಜಿ’ ಎಂಬ ಪಟ್ಟು ಅದನ್ನು ತಗ್ಗಿಸಿಬಿಡುತ್ತಿತ್ತು, ನೂರಕ್ಕೆ ನೂರು ತಗಲಬೇಕಾದ ಏಟುಗಳೂ 256ರಲ್ಲಿ ಒಮ್ಮೆ ಗುರಿ ತಪ್ಪುತ್ತಿದ್ದವು. ಕಿರಿಕಿರಿ ಇವೆರಡರ ನಡುವಿನದು. ಅದು ಬರೆದವರು ಎಣಿಸಿದಂತೆಯೇ ಕೆಲಸ ಮಾಡುತ್ತದೆ, ಯಾರನ್ನೂ ಸೋಲಿಸುವುದಿಲ್ಲ, ಆದರೆ ಚಪ್ಪಲಿಯೊಳಗೆ ಸೇರಿದ ಹರಳಿನಂತೆ ಪ್ರತಿ ಹೆಜ್ಜೆಗೂ ಒತ್ತುತ್ತದೆ. ಪೋಕೆಮಾನ್ ಸರಣಿ ಮೂರು ದಶಕಗಳ ಕಾಲ ಒಂದೇ ಚೌಕಟ್ಟನ್ನು ಉಳಿಸಿಕೊಂಡು ಬಂದಿರುವುದರಿಂದ, ಇಂಥ ಕಿರಿಕಿರಿ ಹೇಗೆ ಹುಟ್ಟುತ್ತದೆ, ಎಷ್ಟು ಕಾಲ ಬಾಳುತ್ತದೆ, ಹೇಗೆ ಅಳಿಯುತ್ತದೆ ಎಂಬುದನ್ನು ಅಲ್ಲಿ ಕಂಡಷ್ಟು ನಿಚ್ಚಳವಾಗಿ ಬೇರೆ ಆಟಗಳಲ್ಲಿ ಕಾಣುವುದು ಕಷ್ಟ. ಅವುಗಳಲ್ಲಿ ಹೆಚ್ಚಿನವು ಯಂತ್ರದ ಬಡತನದಿಂದ ಹುಟ್ಟಿದವು. ಬಡತನ ನೀಗಿದ ಮೇಲೂ ಅವು ರೂಢಿಯಾಗಿ ಉಳಿದವು.

ಸರಣಿಯ ಮೂಲಪುರುಷ ಸತೋಶಿ ತಾಜಿರಿ 1965ರಲ್ಲಿ ಹುಟ್ಟಿ, ತೋಕಿಯೊ ನಗರದ ಅಂಚಿನ ಮಾಚಿದ ಎಂಬಲ್ಲಿ ಕೆರೆಗದ್ದೆಗಳ ನಡುವೆ ಹುಳುಗಳನ್ನು ಹಿಡಿಯುತ್ತ ಬೆಳೆದವರು. 1983ರಲ್ಲಿ ‘ಗೇಮ್ ಫ್ರೀಕ್’ ಎಂಬ ಹೆಸರಿನ ಆಟಗಳ ಪತ್ರಿಕೆಯನ್ನು ಸ್ವಂತ ಶ್ರಮದಿಂದ ಹೊರತಂದ ಅವರು, ಅದಕ್ಕೆ ಚಿತ್ರ ಬರೆಯುತ್ತಿದ್ದ ಕೆನ್ ಸುಗಿಮೋರಿಯವರ ಜೊತೆಗೂಡಿ 1989ರಲ್ಲಿ ಅದೇ ಹೆಸರಿನ ಕಂಪನಿಯನ್ನು ಕಟ್ಟಿದರು. ನಿಂಟೆಂಡೊ ಕಂಪನಿಯ ‘ಗೇಮ್ ಬಾಯ್’ ಎಂಬ ಅಂಗೈ ಯಂತ್ರ ಹೊರಬಂದದ್ದೂ ಅದೇ ವರ್ಷ. ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ಕೇಬಲ್ಲಿನ ಮೇಲೆ ಹುಳುವೊಂದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿದು ಹೋಗುತ್ತಿರುವಂತೆ ತಾಜಿರಿ ಕಲ್ಪಿಸಿಕೊಂಡದ್ದೇ ಇಡೀ ಸರಣಿಯ ಬೀಜ. ಆ ಬೀಜ ಆಟವಾಗಿ ಫಲಿಸಲು ಸುಮಾರು 6 ವರ್ಷಗಳು ಹಿಡಿದವು. 151 ಬಗೆಯ ಪ್ರಾಣಿಗಳನ್ನು ಚೆಂಡುಗಳಲ್ಲಿ ಹಿಡಿಯುವುದು, ಅವುಗಳಲ್ಲಿ 6ನ್ನು ಜೊತೆಗಿಟ್ಟುಕೊಂಡು ಊರಿಂದೂರಿಗೆ ಹೋಗುವುದು, ಒಂದೊಂದಕ್ಕೂ 4 ಪಟ್ಟುಗಳನ್ನು ಕಲಿಸಿ ಕಾದಾಡಿಸುವುದು, ತನ್ನಲ್ಲಿಲ್ಲದ್ದನ್ನು ಗೆಳೆಯನಿಂದ ಬದಲಿಗೆ ಪಡೆಯುವುದು, ಇಷ್ಟೇ ಅದರ ಮೈಕಟ್ಟು. ಹೊಸ ನಾಡು ಮತ್ತು ಹೊಸ ಪ್ರಾಣಿಗಳೊಡನೆ ಬರುವ ಆಟಗಳ ಗುಂಪೊಂದನ್ನು ಆಟಗಾರರು ‘ಪೀಳಿಗೆ’ ಎಂದು ಎಣಿಸುತ್ತಾರೆ. 2022ರ ‘ಸ್ಕಾರ್ಲೆಟ್’, ‘ವಯೊಲೆಟ್’ ಆಟಗಳೊಂದಿಗೆ ಆರಂಭವಾದದ್ದು ಒಂಬತ್ತನೆಯದು.

ಗೇಮ್ ಬಾಯ್ ಯಂತ್ರದ ಪರದೆ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆಗಳಷ್ಟಿತ್ತು. ಬಣ್ಣವೆಂದರೆ 4 ಛಾಯೆಗಳು. ಆಟ ನಡೆಯುತ್ತಿರುವಾಗ ಲೆಕ್ಕಾಚಾರಗಳಿಗೆ ಒದಗುತ್ತಿದ್ದ ಸ್ಮೃತಿ 8 ಕಿಲೊಬೈಟ್. ಕಾರ್ಟ್ರಿಜ್ ಎಂದರೆ ಆಟವನ್ನು ಅಡಗಿಸಿಕೊಂಡು ಯಂತ್ರದ ಬೆನ್ನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಹಲಗೆ. ಅದರಲ್ಲಿ ಎಷ್ಟು ಇಕ್ಕಟ್ಟಿತ್ತೆಂದರೆ, ಪರೀಕ್ಷೆಗೆಂದು ಬರೆದಿದ್ದ ಸಾಧನಗಳನ್ನು ಕೊನೆಗೆ ತೆಗೆದುಹಾಕಿದಾಗ ತೆರವಾದ ಸುಮಾರು 300 ಬೈಟುಗಳ ಜಾಗದಲ್ಲಿ ಶಿಗೆಕಿ ಮೋರಿಮೊತೊ ಎಂಬ ಪ್ರೋಗ್ರಾಮರ್ ‘ಮ್ಯೂ’ ಎಂಬ 151ನೆಯ ಪ್ರಾಣಿಯನ್ನು ಸೇರಿಸಿದರು. ಒಂದು ಬೈಟ್ ಎಂದರೆ ಸ್ಥೂಲವಾಗಿ ಒಂದು ಇಂಗ್ಲಿಷ್ ಅಕ್ಷರ ಹಿಡಿಸುವಷ್ಟು ಸ್ಮೃತಿ. 300 ಬೈಟ್ ಒಂದು ಪೋಸ್ಟ್ ಕಾರ್ಡಿಗೂ ಸಾಲದು. ಇಂಥ ಲೆಕ್ಕದಲ್ಲಿ 20 ಸಾಮಾನಿನ ಚೀಲವನ್ನು ಜಿಪುಣತನ ಎನ್ನಲಾಗದು.

ಹಿಡಿದ ಪ್ರಾಣಿಗಳನ್ನು ಇಡುವ ಪೆಟ್ಟಿಗೆಗಳ ಕಥೆಯಲ್ಲಿ ಈ ಬಡತನ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಜೊತೆಯಲ್ಲಿ 6 ಪ್ರಾಣಿಗಳಿದ್ದಾಗ ಏಳನೆಯದು ತಾನಾಗಿ ಕಂಪ್ಯೂಟರಿನ ಪೆಟ್ಟಿಗೆಗೆ ಹೋಗುತ್ತಿತ್ತು. ಜಪಾನಿ ಆವೃತ್ತಿಯಲ್ಲಿ 30 ಪ್ರಾಣಿಗಳ 8 ಪೆಟ್ಟಿಗೆಗಳು, 1998ರಲ್ಲಿ ಅಮೆರಿಕಕ್ಕೆ ಬಂದ ಇಂಗ್ಲಿಷ್ ಆವೃತ್ತಿಯಲ್ಲಿ 20ರ 12 ಪೆಟ್ಟಿಗೆಗಳು. ಒಟ್ಟು ಎರಡರಲ್ಲೂ 240. ಆದರೆ ಒಮ್ಮೆಗೆ ತೆರೆದಿರುತ್ತಿದ್ದ ಪೆಟ್ಟಿಗೆ ಒಂದೇ. ಅದು ತುಂಬಿದಾಗ ಪಕ್ಕದ ಪೆಟ್ಟಿಗೆ ಖಾಲಿಯಿದ್ದರೂ ಆಟ ತಾನಾಗಿ ಅಲ್ಲಿಗೆ ಸರಿಯುತ್ತಿರಲಿಲ್ಲ. ಆಟಗಾರ ಊರಿಗೆ ಹೋಗಿ, ಕಂಪ್ಯೂಟರ್ ತೆರೆದು, ಪೆಟ್ಟಿಗೆಯನ್ನು ಕೈಯಾರೆ ಬದಲಿಸಬೇಕಿತ್ತು. ಹಾಗೆ ಮಾಡದೆ ಕಾಡಿನಲ್ಲೋ ಗವಿಯಲ್ಲೋ ಅಪರೂಪದ ಪ್ರಾಣಿಯ ಎದುರು ನಿಂತು ಚೆಂಡನ್ನು ಎಸೆಯಲು ಹೋದರೆ, ಪೆಟ್ಟಿಗೆ ತುಂಬಿದೆ, ಎಸೆಯುವಂತಿಲ್ಲ ಎಂಬ ಸೂಚನೆ ಬರುತ್ತಿತ್ತು. ಆ ಘಟ್ಟದಲ್ಲಿ ಮಾಡಬಹುದಾದದ್ದು ಏನೂ ಇರಲಿಲ್ಲ. ಪೆಟ್ಟಿಗೆ ಬದಲಿಸುವಾಗಲೆಲ್ಲ ಆಟವನ್ನು ಸೇವ್ ಮಾಡಲು, ಅಂದರೆ ಅಲ್ಲಿಯವರೆಗಿನ ಸ್ಥಿತಿಯನ್ನು ಬರೆದಿಡಲು, ಒಪ್ಪಲೇಬೇಕೆಂಬ ಕಟ್ಟಳೆ ಬೇರೆ.

ಈ ವಿಚಿತ್ರ ನಡವಳಿಕೆಯ ಕಾರಣ ಯಂತ್ರದೊಳಗಿದೆ. ತೆರೆದ ಪೆಟ್ಟಿಗೆಯೊಂದೇ 8 ಕಿಲೊಬೈಟಿನ ಕೆಲಸದ ಸ್ಮೃತಿಯಲ್ಲಿ ಇರುತ್ತಿತ್ತು, ಮತ್ತು ಅದಕ್ಕೆ ಒಂದು ಕಿಲೊಬೈಟಿಗಿಂತ ತುಸು ಹೆಚ್ಚೇ ಜಾಗ ಬೇಕಿತ್ತು. ಉಳಿದ ಪೆಟ್ಟಿಗೆಗಳು ಕಾರ್ಟ್ರಿಜ್‌ನಲ್ಲಿ ಬ್ಯಾಟರಿಯ ಬಲದಿಂದ ಉಳಿಯುವ ಬೇರೆ ಸ್ಮೃತಿಯಲ್ಲಿ ಮಲಗಿರುತ್ತಿದ್ದವು. ಒಂದನ್ನು ಎಬ್ಬಿಸಬೇಕಾದರೆ ಇನ್ನೊಂದನ್ನು ಬರೆದಿಟ್ಟು ಮಲಗಿಸಲೇಬೇಕು. ಎಂಟು ಕಿಲೊಬೈಟಿನ ಎಂಟರಲ್ಲೊಂದು ಭಾಗವನ್ನು, ಸದ್ಯಕ್ಕೆ ನೋಡದಿರುವ ಪ್ರಾಣಿಗಳಿಗೆಂದು ಬಿಟ್ಟುಕೊಟ್ಟಿದ್ದೇ ದೊಡ್ಡ ಔದಾರ್ಯ. ಇದನ್ನು ತಿಳಿದವರಿಗೆ ಸಿಟ್ಟು ಇಳಿಯುತ್ತದೆ. ಆದರೆ ಗವಿಯಲ್ಲಿ ನಿಂತಿದ್ದ ಹತ್ತು ವರ್ಷದ ಮಗುವಿಗೆ ಇದನ್ನು ತಿಳಿಸುವವರು ಯಾರೂ ಇರಲಿಲ್ಲ, ಪೆಟ್ಟಿಗೆ ತುಂಬುತ್ತಿದೆ ಎಂದು ಮೊದಲೇ ಎಚ್ಚರಿಸುವ ಒಂದು ಸಾಲಿನ ಸೂಚನೆಯೂ ಆಟದಲ್ಲಿರಲಿಲ್ಲ. ಬಡತನ ಕ್ಷಮಿಸಬಹುದಾದದ್ದು, ಈ ಮೌನ ಅಲ್ಲ.

1999ರ ನವೆಂಬರಿನಲ್ಲಿ ಬಂದ ‘ಗೋಲ್ಡ್’, ‘ಸಿಲ್ವರ್’ ಆಟಗಳಲ್ಲಿ ಚೀಲಕ್ಕೆ ಜೇಬುಗಳು ಬಂದವು: ಸಾಮಾನುಗಳಿಗೊಂದು, ಚೆಂಡುಗಳಿಗೊಂದು, ಕಥೆಗೆ ಬೇಕಾದ ಮುಖ್ಯ ವಸ್ತುಗಳಿಗೊಂದು, ಪಟ್ಟುಗಳನ್ನು ಕಲಿಸುವ ಯಂತ್ರಗಳಿಗೊಂದು. ಸೈಕಲ್ಲು ಮದ್ದಿನ ಜಾಗವನ್ನು ತಿನ್ನುವುದು ಅಂದಿಗೆ ನಿಂತಿತು. ಪೆಟ್ಟಿಗೆಗಳ ವಿಷಯದಲ್ಲಿ ಬಂದ ಪರಿಹಾರ ಅರೆಬರೆಯದು. ಬಿಲ್ ಎಂಬ ಪಾತ್ರಕ್ಕೆ ಫೋನ್ ಮಾಡಿ, ಎಷ್ಟು ಜಾಗ ಉಳಿದಿದೆಯೆಂದು ಕೇಳಿ ತಿಳಿಯಬಹುದಿತ್ತು. 2002ರಲ್ಲಿ ‘ರೂಬಿ’, ‘ಸಫೈರ್’ಗಳೊಂದಿಗೆ ಗೇಮ್ ಬಾಯ್ ಅಡ್ವಾನ್ಸ್ ಎಂಬ ಹೊಸ ಯಂತ್ರದ ಮೇಲೆ ಆರಂಭವಾದ ಮೂರನೆಯ ಪೀಳಿಗೆಯಲ್ಲಿ ಒಂದು ಪೆಟ್ಟಿಗೆ ತುಂಬಿದರೆ ಪ್ರಾಣಿ ತಾನಾಗಿ ಮುಂದಿನದಕ್ಕೆ ಹೋಗತೊಡಗಿತು. 2006ರ ‘ಡೈಮಂಡ್’, ‘ಪರ್ಲ್’ ಆಟಗಳ ಹೊತ್ತಿಗೆ ಚೀಲ ತುಂಬುವ ಭಯವೇ ಉಳಿಯಲಿಲ್ಲ. ಪೆಟ್ಟಿಗೆಯನ್ನು ತೆರೆಯಲು ಊರಿಗೇ ಹೋಗಬೇಕೆಂಬ ಕಟ್ಟಳೆ ಮಾತ್ರ, ಅದಕ್ಕೆ ಯಂತ್ರದ ಯಾವ ಒತ್ತಾಯವೂ ಇಲ್ಲದಿದ್ದರೂ, 2018ರ ‘ಲೆಟ್ಸ್ ಗೋ’ ಆಟಗಳು ಪೆಟ್ಟಿಗೆಯನ್ನು ಚೀಲದೊಳಗೇ ಇಡುವವರೆಗೆ ಮುಂದುವರಿಯಿತು.

ಯಂತ್ರದ ಬಡತನದಿಂದಲ್ಲದೆ ವಿನ್ಯಾಸದ ಆಲೋಚನೆಯಿಂದಲೇ ಹುಟ್ಟಿ, ಸರಣಿಯಲ್ಲಿ ಬಹುಕಾಲ ಆಟಗಾರರನ್ನು ಕಾಡಿದ್ದು ಎಚ್‌ಎಂ ಎಂಬ ಏರ್ಪಾಡು. ಜಪಾನಿ ಭಾಷೆಯಲ್ಲಿ ಇದರ ಹೆಸರು ‘ಹಿದೆನ್’ ಯಂತ್ರ. ಹಿದೆನ್ ಎಂದರೆ ಗುರುವಿನಿಂದ ಶಿಷ್ಯನಿಗೆ ಗುಟ್ಟಾಗಿ ದಾಟಿ ಬಂದ ವಿದ್ಯೆ. ಮೊದಲ ಆಟಗಳಲ್ಲಿ ಇಂಥ ವಿದ್ಯೆಗಳು 5: ಗಿಡ ಕಡಿಯುವ ‘ಕಟ್’, ಹಾರಿ ಊರು ಸೇರಿಸುವ ‘ಫ್ಲೈ’, ನೀರಿನ ಮೇಲೆ ಸಾಗಿಸುವ ‘ಸರ್ಫ್’, ಬಂಡೆ ತಳ್ಳುವ ‘ಸ್ಟ್ರೆಂತ್’, ಗವಿಯಲ್ಲಿ ಬೆಳಕು ಮಾಡುವ ‘ಫ್ಲ್ಯಾಶ್’. ಇವು ಕಾದಾಟದಲ್ಲಿ ಪಟ್ಟುಗಳಾಗಿಯೂ, ದಾರಿಯಲ್ಲಿ ಬೀಗದ ಕೈಗಳಾಗಿಯೂ ಕೆಲಸ ಮಾಡುತ್ತಿದ್ದವು. ದಾರಿಗೆ ಅಡ್ಡವಾಗಿ ಒಂದು ಪೊದೆಯನ್ನು ನೆಟ್ಟರೆ, ಅದನ್ನು ಕಡಿಯುವ ವಿದ್ಯೆ ಸಿಗುವವರೆಗೆ ಆಟಗಾರ ಆ ಕಡೆಗೆ ಹೋಗಲಾರ. ಕಥೆಯನ್ನು ಕ್ರಮದಲ್ಲಿ ನಡೆಸಲು ಇದಕ್ಕಿಂತ ಸರಳವಾದ ಉಪಾಯವಿರಲಿಲ್ಲ. ಒಂದೊಂದು ವಿದ್ಯೆಯನ್ನು ಪಡೆಯುವುದೂ ಒಂದೊಂದು ಸಣ್ಣ ಕಥೆಯಾಗಿತ್ತು: ‘ಕಟ್’ ಸಿಗುತ್ತಿದ್ದುದು ಹಡಗಿನಲ್ಲಿ ವಾಕರಿಕೆಯಿಂದ ಬಳಲುತ್ತಿದ್ದ ಕ್ಯಾಪ್ಟನ್‌ನ ಬೆನ್ನು ನೀವಿದ ಮೇಲೆ, ‘ಸ್ಟ್ರೆಂತ್’ ಸಿಗುತ್ತಿದ್ದುದು ಮೃಗವನದ ಕಾವಲುಗಾರ ಕಳೆದುಕೊಂಡ ಚಿನ್ನದ ಹಲ್ಲುಗಳನ್ನು ಹುಡುಕಿ ತಂದುಕೊಟ್ಟ ಮೇಲೆ, ‘ಸರ್ಫ್’ ಸಿಗುತ್ತಿದ್ದುದು ಅದೇ ಮೃಗವನದಲ್ಲಿ ಟಿಕೆಟ್ಟಿಗೆ 500 ಹೆಜ್ಜೆಗಳ ಮಿತಿಯೊಳಗೆ ಒಳಮನೆಯೊಂದನ್ನು ಮುಟ್ಟಿದ ಮೇಲೆ. ಹೆಜ್ಜೆ ಮುಗಿದರೆ ಹೊರಗೆ. ಮತ್ತೆ ಹಣ ಕೊಟ್ಟು ಒಳಗೆ.

ಕಿರಿಕಿರಿ ಇದ್ದದ್ದು ಆ ಕಥೆಗಳಲ್ಲಲ್ಲ, ಕಲಿಸಿದ ಮೇಲಿನ ಕರಾರಿನಲ್ಲಿ. ಪ್ರಾಣಿಯೊಂದಕ್ಕೆ 4 ಪಟ್ಟುಗಳಷ್ಟೇ ಕಲಿಯಲು ಸಾಧ್ಯವಿದ್ದಾಗ, ಹಿದೆನ್ ವಿದ್ಯೆಯೊಂದು ಒಳಹೊಕ್ಕರೆ ಅದನ್ನು ಮರೆಸಲು ಬರುತ್ತಿರಲಿಲ್ಲ. ‘ಕಟ್’ ಮತ್ತು ‘ಫ್ಲ್ಯಾಶ್’ ಕಾದಾಟದಲ್ಲಿ ಬಹಳ ದುರ್ಬಲವಾದ ಪಟ್ಟುಗಳು. ಪ್ರೀತಿಯಿಂದ ಬೆಳೆಸಿದ ಪ್ರಾಣಿಗೆ ಅವನ್ನು ಕಲಿಸಿದರೆ ಅದರ ಕಾಲು ಭಾಗದ ಶಕ್ತಿ ಆಯುಷ್ಯಪರ್ಯಂತ ಹೋದಂತೆ. ಮರೆಸಲು ಬಿಡದಿರುವುದಕ್ಕೆ ಸಮರ್ಥನೆಯಿತ್ತು: ದ್ವೀಪವೊಂದರ ಮೇಲೆ ನಿಂತು ‘ಸರ್ಫ್’ ಮರೆಸಿಬಿಟ್ಟರೆ ಆಟಗಾರ ಅಲ್ಲಿಯೇ ಸಿಕ್ಕಿಬೀಳಬಹುದು, ಆಟ ಅಲ್ಲಿಗೆ ಕೆಡಬಹುದು. ಆಟಗಾರರು ಕಂಡುಕೊಂಡ ದಾರಿಯೆಂದರೆ, ಕಾದಾಟಕ್ಕೆ ಕರೆಯದೆ ಬರೀ ದಾರಿಯ ಚಾಕರಿಗೆಂದು ಒಂದು ಪ್ರಾಣಿಯನ್ನು ಜೊತೆಯಲ್ಲಿ ಎಳೆದುಕೊಂಡು ಹೋಗುವುದು. ನಾಲ್ಕನೆಯ ಪೀಳಿಗೆಯಲ್ಲಿ ಬೀವರ್‌ನಂಥ ಹಲ್ಲಿನ ಬಿಬಾರೆಲ್ ಎಂಬ ಪ್ರಾಣಿ ಇಂಥ ಹಲವು ವಿದ್ಯೆಗಳನ್ನು ಕಲಿಯಬಲ್ಲದ್ದರಿಂದ ಆ ಚಾಕರಿಗೇ ಹೆಸರಾಯಿತು. ಹಾಗೆಂದ ಮೇಲೆ 6 ಪ್ರಾಣಿಗಳ ತಂಡವೆಂದು ಆಟ ಕೊಟ್ಟ ಮಾತು ನಡೆವಳಿಕೆಯಲ್ಲಿ 5ಕ್ಕೋ 4ಕ್ಕೋ ಇಳಿದಿತ್ತು.

ಇದು ಎಷ್ಟು ಮೆಲ್ಲನೆ ಸಡಿಲಗೊಂಡಿತು ಎಂಬುದೇ ಈ ಚರಿತ್ರೆಯ ಅತಿ ಕಲಿಸುವ ಭಾಗ. ಮೊದಲ ಆಟಗಳಲ್ಲಿ ಪೊದೆಯೊಂದನ್ನು ಕಡಿಯಬೇಕಾದರೆ ಮೆನು ತೆರೆದು, ಪ್ರಾಣಿಯನ್ನು ಆರಿಸಿ, ಅದರ ಪಟ್ಟನ್ನು ಆರಿಸಬೇಕಿತ್ತು. 1999ರಲ್ಲಿ ಪೊದೆಯೆದುರು ನಿಂತು ಗುಂಡಿ ಒತ್ತಿದರೆ ಸಾಕೆಂದಾಯಿತು. ಅದೇ ಆಟಗಳಲ್ಲಿ ಬ್ಲ್ಯಾಕ್‌ಥಾರ್ನ್ ಎಂಬ ಊರಿನಲ್ಲಿ ಹಿದೆನ್ ವಿದ್ಯೆಯನ್ನೂ ಮರೆಸಬಲ್ಲ ಮುದುಕನೊಬ್ಬನನ್ನು ಕೂರಿಸಿದರು. ಆದರೆ ಆ ಊರು ಸಿಗುವುದು ಕಥೆಯಲ್ಲಿ ಗೆಲ್ಲಬೇಕಾದ ಎಂಟು ಪದಕಗಳಲ್ಲಿ ಏಳನ್ನು ಗೆದ್ದ ಮೇಲೆ. ವಿದ್ಯೆಗಳ ಸಂಖ್ಯೆ ಇಳಿಯುವ ಬದಲು ಏರಿತು: 5 ಇದ್ದದ್ದು 7 ಆಗಿ, ಮೂರು ಮತ್ತು ನಾಲ್ಕನೆಯ ಪೀಳಿಗೆಗಳಲ್ಲಿ 8 ಆಯಿತು. ಮೂರನೆಯ ಪೀಳಿಗೆಯ ಕಾರ್ಟ್ರಿಜ್‌ನಿಂದ ನಾಲ್ಕನೆಯದಕ್ಕೆ ಪ್ರಾಣಿಗಳನ್ನು ಸಾಗಿಸುವಾಗ ಇಂಥ ವಿದ್ಯೆ ಕಲಿತ ಪ್ರಾಣಿಗೆ ಪ್ರವೇಶವಿರಲಿಲ್ಲ. ಮೊದಲು ಪಟ್ಟು ಮರೆಸುವವನ ಬಳಿ ಹೋಗಿ ಮರೆಸಿ ಬರಬೇಕಿತ್ತು. 2010ರ ‘ಬ್ಲ್ಯಾಕ್’, ‘ವೈಟ್’ ಆಟಗಳು ಕಥೆಯ ದಾರಿಯಲ್ಲಿ ಇವುಗಳ ಅಗತ್ಯವನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿದವು. ಕೊನೆಗೆ 2016ರ ನವೆಂಬರಿನಲ್ಲಿ ಬಂದ ‘ಸನ್’, ‘ಮೂನ್’ ಆಟಗಳು ಇಡೀ ಏರ್ಪಾಡನ್ನು ಕಿತ್ತುಹಾಕಿ, ಹಾರಲು, ಈಜಲು, ಬಂಡೆ ತಳ್ಳಲು ತಂಡದ ಹೊರಗಿನ ಸವಾರಿ ಪ್ರಾಣಿಗಳನ್ನು ಒದಗಿಸಿದವು. ಮೊದಲ ಆಟಕ್ಕೂ ಇದಕ್ಕೂ ನಡುವೆ 20 ವರ್ಷಗಳು. ಸವಾರಿ ಪ್ರಾಣಿಯನ್ನು ಕರೆಯಲು ಹೊಸ ಯಂತ್ರವೇನೂ ಬೇಕಿರಲಿಲ್ಲ. ಆ ಆಲೋಚನೆ ಗೇಮ್ ಬಾಯ್‌ನಲ್ಲಿಯೂ ನಡೆಯುತ್ತಿತ್ತು. ತಡವಾದದ್ದಕ್ಕೆ ರೂಢಿಯ ಹೊರತು ಬೇರೆ ಕಾರಣ ಕಾಣುವುದಿಲ್ಲ, ಮತ್ತು ಈ ಸರಣಿಯ ಮೇಲೆ ಹೊರಿಸಬಹುದಾದ ಅತಿ ನ್ಯಾಯವಾದ ಆರೋಪ ಇದೇ.

ಹಿದೆನ್ ಯಂತ್ರದ ಜೊತೆಗಾರ ಟಿಎಂ, ಅಂದರೆ ಸಾಮಾನ್ಯ ಪಟ್ಟುಗಳನ್ನು ಕಲಿಸುವ ಯಂತ್ರ. ಇದು ಒಮ್ಮೆ ಬಳಸಿದರೆ ಮುರಿದುಹೋಗುತ್ತಿತ್ತು. ಹಲವು ಟಿಎಂಗಳು ಇಡೀ ಆಟದಲ್ಲಿ ಒಂದೊಂದೇ ಸಿಗುತ್ತಿದ್ದುದರಿಂದ, ಯಾವ ಪ್ರಾಣಿಗೆ ಕಲಿಸುವುದೆಂಬ ಚಿಂತೆಯಲ್ಲಿ ಆಟಗಾರರು ಅವನ್ನು ಕೊನೆಯವರೆಗೂ ಬಳಸದೆ ಚೀಲದಲ್ಲಿಯೇ ಉಳಿಸಿಕೊಳ್ಳುತ್ತಿದ್ದರು. 2010ರಲ್ಲಿ ಅವು ಎಷ್ಟು ಸಲವಾದರೂ ಬಳಸಬಹುದಾದ ವಸ್ತುಗಳಾದವು. 2022ರಲ್ಲಿ ಮತ್ತೆ ಒಮ್ಮೆ ಬಳಸಿದರೆ ತೀರುವಂತಾಗಿ, ಕಾಡುಪ್ರಾಣಿಗಳಿಂದ ಸಿಗುವ ಕೂದಲು, ಗರಿ ಮುಂತಾದವನ್ನು ಕೂಡಿಸಿ ಹೊಸದನ್ನು ಮಾಡಿಸಿಕೊಳ್ಳಬೇಕಾಯಿತು. ತೆಗೆದುಹಾಕಿದ ಕಿರಿಕಿರಿ ಮತ್ತೊಂದು ವೇಷದಲ್ಲಿ ಮರಳಿದ ನಿದರ್ಶನಗಳು ಈ ಸರಣಿಯಲ್ಲಿ ವಿರಳವಲ್ಲ. ಕಾದಾಟದ ಅನುಭವವನ್ನು ಇಡೀ ತಂಡಕ್ಕೆ ಹಂಚುವ ‘ಎಕ್ಸ್‌ಪೀರಿಯನ್ಸ್ ಶೇರ್’ ಎಂಬ ಸೌಲಭ್ಯವನ್ನು 2013ರಲ್ಲಿ ಬೇಕಾದಾಗ ನಿಲ್ಲಿಸಬಹುದಿತ್ತು. 2019ರ ‘ಸ್ವೋರ್ಡ್’, ‘ಶೀಲ್ಡ್’ ಆಟಗಳ ಹೊತ್ತಿಗೆ ನಿಲ್ಲಿಸುವ ಗುಂಡಿಯೇ ಮಾಯವಾಗಿತ್ತು. ಬೇಸರ ಕಳೆಯಲೆಂದು ಬಂದದ್ದು ಬೇರೆಯವರಿಗೆ ಬೇಸರವಾಯಿತು.

ನಡಿಗೆಗೆ ಸಂಬಂಧಿಸಿದ ಕಿರಿಕಿರಿಗಳನ್ನು ಬೇಗ ಹೇಳಿ ಮುಗಿಸಬಹುದು. ಓಡುವ ಬೂಟುಗಳು 2002ರವರೆಗೆ ಇರಲಿಲ್ಲ. ಬಂದಾಗಲೂ ಕಟ್ಟಡಗಳ ಒಳಗೆ ಓಡುವಂತಿರಲಿಲ್ಲ. ವಿಷವೇರಿದ ಪ್ರಾಣಿ ಪ್ರತಿ 4 ಹೆಜ್ಜೆಗೆ ಒಂದಂಶ ಶಕ್ತಿಯನ್ನು ಕಳೆದುಕೊಳ್ಳುತ್ತಾ ದಾರಿಯಲ್ಲೇ ಕುಸಿಯುವುದು ನಾಲ್ಕನೆಯ ಪೀಳಿಗೆಯಲ್ಲಿ ತುಸು ಸೌಮ್ಯವಾಗಿ, 2010ರಲ್ಲಿ ಪೂರ್ತಿ ನಿಂತಿತು. ಕಾಡುಪ್ರಾಣಿಗಳನ್ನು ದೂರವಿಡುವ ‘ರಿಪೆಲ್’ ಎಂಬ ಸಿಂಪಡಿಕೆ 100 ಹೆಜ್ಜೆಗೆ ತೀರಿದಾಗ ಚೀಲ ತೆರೆದು ಇನ್ನೊಂದನ್ನು ಹುಡುಕಬೇಕಿತ್ತು. ಮತ್ತೊಂದನ್ನು ಬಳಸುವುದೇ ಎಂದು ಆಟವೇ ಕೇಳತೊಡಗಿದ್ದು 2012ರಲ್ಲಿ. ಅಂಗಡಿಯಲ್ಲಿ 10 ಚೆಂಡು ಕೊಂಡರೆ ‘ಪ್ರೀಮಿಯರ್ ಬಾಲ್’ ಎಂಬ ಬಿಳಿಯ ಚೆಂಡೊಂದನ್ನು ಕೊಸರು ಕೊಡುವ ಪದ್ಧತಿ ಮೂರನೆಯ ಪೀಳಿಗೆಯಲ್ಲಿ ಆರಂಭವಾಯಿತು, ಆದರೆ ಒಟ್ಟಿಗೆ 99 ಕೊಂಡರೂ ಕೊಸರು ಒಂದೇ. ಹೆಚ್ಚು ಬೇಕಾದವರು ಹತ್ತತ್ತರಂತೆ ಮತ್ತೆ ಮತ್ತೆ ಕೊಳ್ಳುತ್ತ ಕೂರಬೇಕಿತ್ತು. ಪ್ರತಿ ಹತ್ತಕ್ಕೂ ಒಂದು ಎಂಬ ನ್ಯಾಯವಾದ ಲೆಕ್ಕ ಬಂದದ್ದು 2018ರಲ್ಲಿ. ಇದರಲ್ಲಿ ಯಾವುದೂ ಆಟವನ್ನು ಕೆಡಿಸುವಂಥದಲ್ಲ. ಆದರೆ ನೂರು ಗಂಟೆ ಆಡುವ ಆಟದಲ್ಲಿ ಇಂಥ ಒಂದೊಂದು ಗುಂಡಿಯೊತ್ತಿಗೂ ಮಗುವಿನ ಸಂಜೆಯ ಒಂದು ಚೂರು ತಗಲುತ್ತಿತ್ತು.

ಆಟವನ್ನು ಬರೆದಿಡುವ ಕ್ರಮಕ್ಕೆ ಬ್ಯಾಟರಿಯ ಚರಿತ್ರೆ ಬೆಸೆದುಕೊಂಡಿದೆ. ಮೊದಲ ಎರಡು ಪೀಳಿಗೆಗಳ ಕಾರ್ಟ್ರಿಜ್‌ಗಳಲ್ಲಿ ಕೈಗಡಿಯಾರಕ್ಕೆ ಹಾಕುವಂಥ ಬಿಲ್ಲೆ ಬ್ಯಾಟರಿಯೊಂದನ್ನು ಒಳಗೆ ಬೆಸೆದಿರುತ್ತಿದ್ದರು. ಅದರ ಬಲವಿರುವವರೆಗೆ ಮಾತ್ರ ಬರೆದಿಟ್ಟ ಆಟ ಉಳಿಯುತ್ತಿತ್ತು. ‘ಗೋಲ್ಡ್’, ‘ಸಿಲ್ವರ್’ಗಳಲ್ಲಿ ಹಗಲು ರಾತ್ರಿಗಳನ್ನು ತೋರಿಸಲು ನಿಜವಾದ ಗಡಿಯಾರವನ್ನು ಸೇರಿಸಿದರು, ಸುಂದರವಾದ ಕಲ್ಪನೆ, ಆದರೆ ಗಡಿಯಾರ ಯಾವಾಗಲೂ ಓಡುತ್ತಲೇ ಇರುವುದರಿಂದ ಬ್ಯಾಟರಿ ಹಿಂದಿನ ಆಟಗಳಿಗಿಂತ ಬೇಗ ತೀರಿತು, ತೀರಿದಾಗ ಗಡಿಯಾರದ ಜೊತೆಗೆ ವರ್ಷಗಟ್ಟಲೆ ಕೂಡಿಸಿದ ಪ್ರಾಣಿಗಳೂ ಹೋದವು. ಮೂರನೆಯ ಪೀಳಿಗೆಯಲ್ಲಿ ಬ್ಯಾಟರಿಯ ಹಂಗಿಲ್ಲದ ಸ್ಮೃತಿಯಲ್ಲಿ ಆಟವನ್ನು ಬರೆದಿಡತೊಡಗಿದ್ದರಿಂದ ಬ್ಯಾಟರಿ ತೀರಿದರೆ ನಿಲ್ಲುತ್ತಿದ್ದುದು ಗಡಿಯಾರವೊಂದೇ. ಆದರೆ ‘ರೂಬಿ’, ‘ಸಫೈರ್’ಗಳಲ್ಲಿ ದಿನಗಳ ಲೆಕ್ಕದ ತಪ್ಪೊಂದರಿಂದಾಗಿ ಸುಮಾರು ಒಂದು ವರ್ಷದ ಬಳಿಕ ನೆಟ್ಟ ಬೆರ್ರಿ ಗಿಡಗಳು ಬೆಳೆಯುವುದನ್ನೇ ನಿಲ್ಲಿಸಿದವು, ಅದನ್ನು ಸರಿಪಡಿಸಲು ಮುಂದೆ ಬಂದ ‘ಫೈರ್‌ರೆಡ್’ ಮುಂತಾದ ಆಟಗಳಿಗೆ ಕೇಬಲ್ ಜೋಡಿಸಬೇಕಾಯಿತು. ಒಂದು ಕಾರ್ಟ್ರಿಜ್‌ಗೆ ಒಂದೇ ಆಟ ಬರೆದಿಡಬಹುದೆಂಬ ಕಟ್ಟಳೆಯೂ ಸ್ಮೃತಿಯ ಅಭಾವದಿಂದ ಹುಟ್ಟಿದ್ದೇ. ಒಂದೇ ಕಾರ್ಟ್ರಿಜ್ ಇದ್ದ ಮನೆಯಲ್ಲಿ ತಂಗಿ ಆಡಬೇಕೆಂದರೆ ಅಣ್ಣನ ಆಟ ಅಳಿಯಬೇಕು. ಸ್ಮೃತಿ ಸಾವಿರಪಟ್ಟು ಬೆಳೆದ ಮೇಲೂ ಈ ಕಟ್ಟಳೆ ಬದಲಾಗಲಿಲ್ಲ. ನಿಂಟೆಂಡೊ ಸ್ವಿಚ್ ಯಂತ್ರದಲ್ಲಿ ಬೇರೆ ಬೇರೆ ಬಳಕೆದಾರರ ಖಾತೆ ತೆರೆಯಲು ಅವಕಾಶವಿರುವುದರಿಂದ ಮನೆಯ ಜಗಳ ನಿಂತಿದೆಯೇ ಹೊರತು, ಖಾತೆಯೊಂದಕ್ಕೆ ಇಂದಿಗೂ ಒಂದೇ ಆಟ.

ವಿನಿಮಯದ ವಿಷಯದಲ್ಲಿ ತೀರ್ಪು ಬೇರೆಯಾಗಬೇಕು. ರೆಡ್‌ನಲ್ಲಿ ಸಿಗುವ ಕೆಲವು ಪ್ರಾಣಿಗಳು ಗ್ರೀನ್‌ನಲ್ಲಿ ಇಲ್ಲ, ಗ್ರೀನ್‌ನವು ರೆಡ್‌ನಲ್ಲಿ ಇಲ್ಲ. ಅದರ ಮೇಲೆ ಕಡಾಬ್ರಾ, ಮಚೋಕ್, ಗ್ರಾವೆಲರ್, ಹಾಂಟರ್ ಎಂಬ 4 ಪ್ರಾಣಿಗಳು ತಮ್ಮ ಕೊನೆಯ ರೂಪವನ್ನು ತಾಳುವುದು ಬೇರೆಯವರ ಕೈಗೆ ಹೋದಾಗ ಮಾತ್ರ. ಇದಕ್ಕೆ ಎರಡು ಯಂತ್ರ, ಎರಡು ಕಾರ್ಟ್ರಿಜ್, ಒಂದು ಕೇಬಲ್, ಎಲ್ಲಕ್ಕಿಂತ ಮಿಗಿಲಾಗಿ ಒಬ್ಬ ನಂಬಿಗಸ್ತ ಗೆಳೆಯ ಬೇಕು. ಒಬ್ಬಂಟಿ ಮಗುವಿಗೆ ಇದಕ್ಕಿಂತ ದೊಡ್ಡ ಕಿರಿಕಿರಿಯಿಲ್ಲ. ಆದರೂ ಇದು ಯಂತ್ರದ ಬಡತನವಲ್ಲ, ಸೋಮಾರಿತನದ ರೂಢಿಯೂ ಅಲ್ಲ. ಕೇಬಲ್ಲಿನ ಮೇಲೆ ಹರಿದ ಆ ಹುಳುವೇ ಇದು. ಇದನ್ನು ತೆಗೆದರೆ ಉಳಿಯುವುದು ಇನ್ನೊಂದು ಆಟ. ಸರಣಿಯೂ ಇದನ್ನು ಅರಿತಂತೆ ನಡೆದುಕೊಂಡಿದೆ: 2022ರ ಜನವರಿಯ ‘ಲೆಜೆಂಡ್ಸ್: ಆರ್ಸಿಯಸ್’ ಆಟ ‘ಲಿಂಕಿಂಗ್ ಕಾರ್ಡ್’ ಎಂಬ ಹುರಿಯೊಂದನ್ನು ಕೊಟ್ಟು ವಿನಿಮಯವಿಲ್ಲದೆಯೂ ಈ ಪ್ರಾಣಿಗಳನ್ನು ಬೆಳೆಸಲು ಬಿಟ್ಟಿತು, ಅದೇ ವರ್ಷದ ನವೆಂಬರಿನ ಮುಖ್ಯ ಆಟಗಳು ಮತ್ತೆ ವಿನಿಮಯವನ್ನೇ ಕೇಳಿದವು. ಗೆಳೆಯನನ್ನು ಹುಡುಕುವ ದಾರಿಯಲ್ಲಿ ಬಂದ ತೊಡಕುಗಳು ಮಾತ್ರ ಅನಗತ್ಯವಾದವು. 2006ರಲ್ಲಿ ಇಂಟರ್ನೆಟ್ ಮೂಲಕ ವಿನಿಮಯ ಸಾಧ್ಯವಾದಾಗ, ಗೆಳೆಯನನ್ನು ಸೇರಿಸಿಕೊಳ್ಳಲು ಇಬ್ಬರೂ 12 ಅಂಕಿಗಳ ಸಂಕೇತವನ್ನು ಒಬ್ಬರಿಗೊಬ್ಬರು ತಿಳಿಸಿ ದಾಖಲಿಸಬೇಕಿತ್ತು. ಆ ಸೇವೆಯನ್ನೇ 2014ರ ಮೇ 20ರಂದು ಮುಚ್ಚಲಾಯಿತು.

ಭಾಷೆಯ ಕಿರಿಕಿರಿಯನ್ನು ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಗೇಮ್ ಬಾಯ್‌ನ ಪರದೆಯಲ್ಲಿ ಒಂದು ಅಕ್ಷರಕ್ಕೆ ಸಿಗುತ್ತಿದ್ದ 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಚೌಕದಲ್ಲಿ ಕಾಂಜಿ ಎಂಬ ಜಟಿಲವಾದ ಅರ್ಥಾಕ್ಷರಗಳನ್ನು ಬಿಡಿಸಲಾಗದೆ, ಜಪಾನಿ ಆವೃತ್ತಿಯನ್ನು ಪೂರ್ತಿಯಾಗಿ ಧ್ವನ್ಯಕ್ಷರಗಳಲ್ಲೇ ಬರೆದರು. ಚಿಕ್ಕ ಮಕ್ಕಳಿಗೆ ಅದು ಅನುಕೂಲ. ಬೆಳೆದವರಿಗೆ ಕಾಂಜಿಯಿಲ್ಲದ ಪುಟವನ್ನು ಓದುವುದು ತ್ರಾಸದ ಕೆಲಸ. ಬೇಕಾದವರು ಕಾಂಜಿಯನ್ನು ಆರಿಸಿಕೊಳ್ಳಬಹುದೆಂಬ ಸೌಕರ್ಯ ಬಂದದ್ದು 2010ರಲ್ಲಿ. ಪ್ರಾಣಿಗಳಿಗೆ ಇಡುವ ಹೆಸರುಗಳ ಮಿತಿಯೂ ಇದೇ ಬಗೆಯದು: ಜಪಾನಿಯಲ್ಲಿ 5, ಇಂಗ್ಲಿಷಿನಲ್ಲಿ 10 ಅಕ್ಷರ, 2013ರ ‘ಎಕ್ಸ್’, ‘ವೈ’ ಆಟಗಳಲ್ಲಿ ಅದು 6 ಮತ್ತು 12 ಆಯಿತು. ಅಲ್ಲಿಯವರೆಗೆ ಒಂದು ಕಾರ್ಟ್ರಿಜ್ ಎಂದರೆ ಸಾಮಾನ್ಯವಾಗಿ ಒಂದು ಭಾಷೆ. ಆಟದೊಳಗೆ ಭಾಷೆಯನ್ನು ಆರಿಸುವ ಅವಕಾಶ 7 ಭಾಷೆಗಳೊಂದಿಗೆ ಅದೇ 2013ರಲ್ಲಿ ಬಂತು, 2016ರಲ್ಲಿ ಎರಡು ಬಗೆಯ ಚೀನೀ ಲಿಪಿಗಳು ಸೇರಿ 9 ಆಯಿತು. ಭಾರತದ ಮಕ್ಕಳಿಗೆ ಈ ಪ್ರಾಣಿಗಳು ಪರಿಚಯವಾದದ್ದು 2000ದ ದಶಕದಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯ ಧಾರಾವಾಹಿಯಿಂದ. ಆಟಕ್ಕೆ ಕೈಹಾಕಿದ ಕನ್ನಡದ ಮಗು ಇಂಗ್ಲಿಷಿನ ಸಂಭಾಷಣೆಗಳನ್ನು ತಡವರಿಸಿ ಓದುತ್ತಲೇ ಆಡಬೇಕಾಯಿತು. ಮುಖ್ಯ ಸರಣಿಯ ಯಾವ ಆಟವೂ ಕನ್ನಡದಲ್ಲಿ ಬಂದಿಲ್ಲ.

ಈ ಸರಣಿಯ ಹಿರಿಮೆಯೆಂದರೆ ಹಿಡಿದ ಪ್ರಾಣಿಯನ್ನು ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಕೊಂಡೊಯ್ಯಬಹುದು; 2002ರಲ್ಲಿ ‘ರೂಬಿ’ಯ ಆಟಗಾರ ಹಿಡಿದ ಪ್ರಾಣಿ ಮೆಟ್ಟಿಲು ಮೆಟ್ಟಿಲಾಗಿ ಸಾಗಿ, 2020ರಲ್ಲಿ ಆರಂಭವಾದ ‘ಪೋಕೆಮಾನ್ ಹೋಮ್’ ಎಂಬ ಇಂಟರ್ನೆಟ್ ಉಗ್ರಾಣವನ್ನು ಸೇರಬಲ್ಲದು. ಆದರೆ ಮೊದಲ ಎರಡು ಪೀಳಿಗೆಗಳಿಂದ ಮೂರನೆಯದಕ್ಕೆ ಸೇತುವೆ ಕಟ್ಟಲಿಲ್ಲ. 2016ರಲ್ಲಿ ಹಳೆಯ ಆಟಗಳನ್ನು ನಿಂಟೆಂಡೊ 3ಡಿಎಸ್ ಯಂತ್ರಕ್ಕೆ ಮರಳಿ ಮಾರಿದಾಗ, ಹೊಸದಾಗಿ ಕೊಂಡ ಆ ಪ್ರತಿಗಳಲ್ಲಿ ಹಿಡಿದವಕ್ಕೆ ಮುಂದೆ ಹೋಗಲು ದಾರಿ ಮಾಡಿಕೊಟ್ಟರು. ಮೂಲ ಕಾರ್ಟ್ರಿಜ್‌ಗಳಲ್ಲಿ ಇದ್ದವಕ್ಕೆ ಆ ದಾರಿ ತೆರೆಯಲಿಲ್ಲ. ಅವು ಅಂದಿನ ಬಿಲ್ಲೆ ಬ್ಯಾಟರಿಯ ಆಯುಷ್ಯಕ್ಕೆ ಕಟ್ಟುಬಿದ್ದು ಇನ್ನೂ ಅಲ್ಲಿಯೇ ಇವೆ, ಮತ್ತು ಅವನ್ನು ಉಳಿಸಿಕೊಳ್ಳಲು ಕಂಪನಿ ಕೊಟ್ಟ ದಾರಿಗಳಲ್ಲಿ ಅತಿ ಸರಳವಾದದ್ದು ಮೊದಲ ದಿನದ ಆ ಕೇಬಲ್ಲೇ. ಇಂಥ ಕಾರ್ಟ್ರಿಜ್ ಯಾರ ಮನೆಯ ಕಪಾಟಿನಲ್ಲಾದರೂ ಇದ್ದು ಅದರ ಆಟ ಇನ್ನೂ ತೆರೆಯುತ್ತಿದ್ದರೆ, ಎರಡು ಗೇಮ್ ಬಾಯ್‌ಗಳನ್ನು ಹೊಂದಿಸಿಕೊಂಡು, ಒಳಗಿರುವ ಪ್ರಾಣಿಗಳನ್ನು ಹೊಸ ಬ್ಯಾಟರಿ ಹಾಕಿಸಿದ ಇನ್ನೊಂದು ಕಾರ್ಟ್ರಿಜ್‌ಗೆ ಒಂದೊಂದಾಗಿ ಬದಲಿಸಿಕೊಂಡುಬಿಡಬೇಕು. ಹಳೆಯ ಬ್ಯಾಟರಿ ತೀರಿದ ಮೇಲೆ 240 ಜಾಗಗಳಲ್ಲಿ ಒಂದರಲ್ಲಿಯೂ ಏನೂ ಉಳಿದಿರುವುದಿಲ್ಲ.